ಹೇಮಳ ಹಕಾರ

ಕಳೆದ ಗುರುವಾರದ ಬೆಳಿಗ್ಗೆ ಬೇರೆ ಯಾವ ಬೆಳಿಗ್ಗೆಗಿಂತಲೂ ಭಿನ್ನವಾಗಿರಲಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಆ ಚೂರು ಸಿಂಕಿನ ಜಾಲರಿಗೆ ಸಿಕ್ಕಿಕೊಳ್ಳದ ಹಾಗೆ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಫಿಲ್ಟರಿಗೆ ಎರಡನೇ ಸಲ ಬಿಸಿನೀರು ಹಾಕಿದೆ. ನಮ್ಮ ಮನೆಯವರಿಗೆ ಮೊದಲ ಡಿಕಾಕ್ಷನ್, ನನಗೆ ಎರಡನೆಯದು. ಮದುವೆಯಾದಾಗಿನಿಂದ ಇದೇ ವ್ಯವಸ್ಥೆ, ಯಾರು ಮಾಡಿದ್ದೋ ಗೊತ್ತಿಲ್ಲ. ಅಂಗಳ ತೊಳೆದು ರಂಗೋಲಿ ಎಳೆಯುವಾಗ ಎದುರು ಮನೆಯ ಬಾಡಿಗೆಯವರ ನಾಯಿ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ನನ್ನ ಚಪ್ಪಲಿಯನ್ನೇ ದಿಟ್ಟಿಸುತ್ತಿತ್ತು. ಕುಕ್ಕರು ಸೀಟಿ ಹೊಡೆಯುವ ಹೊತ್ತಿಗೆ ಪಕ್ಕದ ಮನೆಯ ಸರೋಜಾ ಕಾಂಪೌಂಡಿನ ಮೇಲಿಂದ ತಲೆ ಹಾಕಿದರು.

"ಏನ್ರೀ, ಇವತ್ತು ಅಡುಗೆ ಬೇಗ ಮುಗಿಸ್ಬಿಡಿ. ಪಿಕ್ಚರ್‌ಗೆ ಹೋಗೋಣ. ಸೊಸೆ ಇಬ್ಬರಿಗೂ ಅಂತ ಟಿಕೆಟ್ ಬುಕ್ ಮಾಡಿದ್ಲು, ಈಗ ಅವಳಿಗೆ ಆಫೀಸಿಂದ ಏನೋ ಕಾಲ್ ಬಂತಂತೆ. ಸುಮ್ನೆ ವೇಸ್ಟ್ ಆಗುತ್ತೆ."

"ಯಾವ ಪಿಕ್ಚರು?"

"ಯಾರೋ ದೊಡ್ಡ ಸಿಂಗರ್ ಕಥೆಯಂತೆ ಕಣ್ರೀ. ಫೇಮಸ್ ಆಗಿ ಆಮೇಲೆ ಹಾಳಾಗಿ ಹೋಗ್ತಾಳಂತೆ. ಕರ್ಚೀಫ್ ಇಟ್ಕೊಂಡೇ ಹೋಗ್ಬೇಕಂತೆ."

ಹಾಳಾಗಿ ಹೋಗ್ತಾಳಂತೆ. ಆ ಮಾತು ಸಿಡಿದ ಸಾಸಿವೆಯ ಹಾಗೆ ತಾಗಿತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಂದು ನಮ್ಮ ಸಿಸ್ಟರ್ ಮೇಜು ಕುಟ್ಟಿ ಕುಟ್ಟಿ ಕಲಿಸಿದ್ದು ಇನ್ನೂ ಮರೆತಿಲ್ಲ. ತಾನಾಗಿ ಹಾಳಾಗುವುದು ಬೇರೆ, ಇನ್ನೊಬ್ಬರ ಕೈಯಲ್ಲಿ ಹಾಳಾಗುವುದು ಬೇರೆ. ಆದರೆ ಕುಕ್ಕರು ಕೂಗುತ್ತಿರುವಾಗ ಕಾಂಪೌಂಡಿನಾಚೆ ನಿಂತವರಿಗೆ ವ್ಯಾಕರಣ ಹೇಳಲಾಗುತ್ತದೆಯೇ? "ಬರ್ತೀನಿ" ಎಂದೆ.

ಯಲಹಂಕದ ಕಡೆಯ ಮಾಲಿಗೆ ಆಟೋದಲ್ಲಿ ಹೋದೆವು. ಮಳೆ ಬಂದು ನಿಂತಿತ್ತು. ಸಿನಿಮಾ ಚೆನ್ನಾಗಿಯೇ ತೆಗೆದಿದ್ದಾರೆ, ಇಲ್ಲವೆನ್ನುವುದಿಲ್ಲ. ನಾಯಕಿ ಚೆಲುವೆ. ಒಂದು ಹಾಡಿನಿಂದ ಊರಿಗೆಲ್ಲ ಗೊತ್ತಾಗುತ್ತಾಳೆ. ಅಮ್ಮ ದುರಾಸೆಯವಳು, ಪ್ರಿಯಕರ ಮೋಸಗಾರ. ಇವಳು ಕುಡಿಯುತ್ತಾಳೆ, ಮಾತ್ರೆ ನುಂಗುತ್ತಾಳೆ, ದೊಡ್ಡ ಹೋಟೆಲಿನ ಬಾತ್‌ಟಬ್ಬಿನಲ್ಲಿ ಸೀರೆಯುಟ್ಟೇ ಮಲಗಿ ಅಳುತ್ತಾಳೆ. ಯಾರಾದರೂ ಒದ್ದೆ ಸೀರೆಯನ್ನು ಅಷ್ಟು ಹೊತ್ತು ಮೈಮೇಲೆ ಇಟ್ಟುಕೊಳ್ಳುತ್ತಾರೆಯೇ, ನೆಗಡಿಯಾಗುವುದಿಲ್ಲವೇ ಎಂದು ನನಗೆ ಯೋಚನೆ. ಕೊನೆಗೆ ಕಳೆದುಹೋಗಿದ್ದ ಧ್ವನಿ ದೇವರ ದಯೆಯಿಂದ ಮರಳಿ ಬಂದು, ತುಂಬಿದ ಸ್ಟೇಡಿಯಮ್ಮಿನಲ್ಲಿ ಹಾಡುತ್ತಾಳೆ. ಜನ ಮೊಬೈಲು ದೀಪ ಹಿಡಿದು ತೂಗುತ್ತಾರೆ. ನಮ್ಮ ಥಿಯೇಟರಿನಲ್ಲೂ ಕೆಲವರು ದೀಪ ಹಿಡಿದರು. ಸರೋಜಾ ಬಿಕ್ಕಿ ಬಿಕ್ಕಿ ಅತ್ತರು.

ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಅಷ್ಟು ಉದ್ದದ ಸಿನಿಮಾದಲ್ಲಿ ತಪ್ಪು ಮಾಡಿದವರು ಮೂರೇ ಜನ: ಅಮ್ಮ, ಪ್ರಿಯಕರ, ಅವಳೇ. ಆ ಸಾವಿರಾರು ಕೇಳುಗರು? ಅವರು ಬರೀ ಕತ್ತಲು, ಬರೀ ದೀಪ, ಬರೀ ಚಪ್ಪಾಳೆ. ಒಬ್ಬರಿಗೂ ಮುಖವಿಲ್ಲ. ಅಷ್ಟರಲ್ಲಿ ಪಕ್ಕದ ಸೀಟಿನವರು ಕೆಮ್ಮಿ, ಕೆಮ್ಮಿನ ಗುಳಿಗೆಯ ಕಾಗದ ಬಿಚ್ಚಿದರು. ಆ ಮೆಂಥಾಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಥಿಯೇಟರಿನಲ್ಲಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ, ಸಹಕಾರನಗರದ ನಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ, ಬಾಯಿ ಬಿಗಿಹಿಡಿದು ಹುರುಳಿಕಾಯಿ ಸೋಸುತ್ತ ಕೂತ ಹೇಮಳ ಎದುರಿಗಿದ್ದೆ. ನಾನು ಕಂಡ ಕಥೆಯಲ್ಲಿ ಎಲ್ಲರಿಗೂ ಮುಖವಿತ್ತು. ಮನೆ ನಂಬರೂ ಇತ್ತು.

ಹೇಮಲತಾ ಅಬ್ಬಿಗೆರೆಯ ಹಳೆ ಊರಿನ ಮನೆಯ ಹುಡುಗಿ. ಅವರ ತಾತನ ರಾಗಿ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟುಗಳಿವೆ. ಅಪ್ಪ ಹೊಲ ಮಾರಿದ ಹಣದಲ್ಲಿ ಮನೆ ಕಟ್ಟಿ ಮಾರುವ ಕೆಲಸ ಹಿಡಿದು, ನಮ್ಮ ಎದುರಿನ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿ, ಕೆಳಗಿನ ಮನೆಯಲ್ಲಿ ತಾವೇ ಬಂದು ಕೂತರು. ಹಣವಿತ್ತು, ಆದರೂ ನಮ್ಮ ಬೀದಿಯವರಿಗೆ ಅವರು "ಆ ಹಳ್ಳಿಯವರು". ಅಮ್ಮ ಜಯಮ್ಮ ಮೊದಲ ದಿನ ಬಟ್ಟಲಲ್ಲಿ ಗಿಣ್ಣು ತಂದು ಕೊಟ್ಟು, "ನಮ್ ಉಡ್ಗಿ ಚೆಂದಾಗಿ ಆಡ್ತಾಳೆ ಕಣಮ್ಮ" ಎಂದಾಗ ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ, "ಏನು, ಕಬಡ್ಡಿನಾ?" ಎಂದು ಕೇಳಿದ್ದರು. ಹುಡುಗಿ ಅಮ್ಮನ ಬೆನ್ನ ಹಿಂದೆ ಕೆಂಪಾದಳು.

ಆಡುವುದಲ್ಲ, ಹಾಡುವುದು. ಆ ಊರಿನ ಹಳಬರ ಮಾತಿನಲ್ಲಿ ಹಕಾರವಿಲ್ಲ. ಹೂವು ಊವು, ಹಾಲು ಆಲು, ಹೀಗೆ ಇಂಗೆ. ಕೇಳಲು ಚೆಂದವೇ. ಆದರೆ ಕಾಲೇಜಿನಲ್ಲಿ ಹೇಮಳನ್ನು ಗೋಳು ಹೊಯ್ದುಕೊಂಡಿದ್ದರು. ಮರುವಾರ ಒಬ್ಬಳೇ ಬಂದು ಬಾಗಿಲಲ್ಲಿ ನಿಂತು ಹೇಳಿದಳು: "ಆಂಟಿ, ನನ್ ಎಸ್ರು ನಂಗೇ ಏಳಕ್ ಬರಲ್ಲ. ಕಲಿಸ್ತೀರಾ?"

"ನಿಮ್ಮ ಮನೆ ಮಾತು ತಪ್ಪಲ್ಲ ಕಣೇ" ಎಂದೆ.

"ತಪ್ಪು ಅಂತಲ್ಲ ಆಂಟಿ. ಎರಡೂ ಬೇಕು. ಮನೇಲಿ ಏಮ, ಆಚೆ..." ಎಂದು ಉಸಿರೆಳೆದು, ಕಷ್ಟಪಟ್ಟು, "ಆಚೆ ಹೇಮ" ಎಂದಳು.

ನಮ್ಮ ಸಿಸ್ಟರ್ ನಮಗೆ ಇಂಗ್ಲಿಷಿನ 'ಎಚ್' ಕಲಿಸಿದ್ದು ಮೇಣದ ಬತ್ತಿಯಿಂದ. ಬಾಯಿ ಮುಂದೆ ಹಿಡಿದು ಹೇಳಿದಾಗ ಜ್ವಾಲೆ ಬಾಗಬೇಕು, ಆರಬಾರದು. ನಾನೂ ಅದನ್ನೇ ಮಾಡಿದೆ. ಕರೆಂಟು ಹೋದಾಗ ಬೇಕೆಂದು ಇಟ್ಟ ಮೇಣದ ಬತ್ತಿ ಹಚ್ಚಿ, ಅವಳ ಮುಖದ ಮುಂದೆ ಹಿಡಿದು, "ಹೂವು, ಹೆಸರು, ಹಲಸು" ಎನ್ನಿಸಿದೆ. ಮೊದಮೊದಲು ಊದಿ ಆರಿಸಿಬಿಡುತ್ತಿದ್ದಳು. "ಬರ್ತ್‌ಡೇ ಅಲ್ಲ ಕಣಮ್ಮ" ಎಂದರೆ ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಜ್ವಾಲೆ ತೆಳುವಾಗಿ ಬಾಗಲು ಕಲಿಯಿತು. "ಹೇಮಲತಾ" ಎಂದು ಅವಳು ಮೊದಲ ಸಲ ಸರಾಗವಾಗಿ ಹೇಳಿದ ದಿನ ನಾನು ಕೇಸರಿಬಾತ್ ಮಾಡಿದ್ದೆ.

ಆ ಚಳಿಗಾಲದಲ್ಲೇ ಹಾಡು ಬಂದದ್ದು. ಅವರಜ್ಜಿ ರಾಗಿಯಲ್ಲಿ ಕಳೆ ಕೀಳುವಾಗ ಹೇಳುತ್ತಿದ್ದ ಪದ, "ಇಂಗೇ ಇರ್ಲಿ ಬುಡು" ಎಂದು ಶುರುವಾಗುವುದು. ಯಾರದೋ ನಾಮಕರಣದಲ್ಲಿ ಹೇಮ ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟರು. ಒಂದು ಮ್ಯೂಸಿಕ್ ಕಂಪನಿಯವರು ಬಂದರು, ಡ್ರಮ್ಮು ಸೇರಿಸಿದರು. ಯುಗಾದಿಯ ಹೊತ್ತಿಗೆ ಆಟೋ, ಜಿಮ್ಮು, ಮದುವೆ ಛತ್ರ, ಎಲ್ಲಿ ಹೋದರೂ ಅದೇ. ಕಿರಣ್ ಎಂಬ ಮ್ಯಾನೇಜರ್ ಅವಳ ಹೆಸರನ್ನೂ ತಿದ್ದಿದ. ಪೋಸ್ಟರಿನ ತುಂಬ ಒಂದೇ ಪದ: ಏಮ.

ಬೇರೆಯವರ ಹೆಸರು ಕಿತ್ತು ಹೊಸದಿಡುವುದನ್ನು ಕೇಳಿದ್ದೇನೆ. ಒಬ್ಬಳು ಕಷ್ಟಪಟ್ಟು ಸಂಪಾದಿಸಿಕೊಂಡ ಒಂದೇ ಒಂದು ಅಕ್ಷರವನ್ನು ಅವಳ ಹೆಸರಿನಿಂದ ಕಿತ್ತುಕೊಂಡದ್ದನ್ನು ಅವತ್ತೇ ನೋಡಿದ್ದು.

ಒಂದು ಚಾನೆಲ್ಲಿನ ಸಂದರ್ಶನದಲ್ಲಿ ಅವಳು ಮರೆತು "ಹಾಡು ಅಂದ್ರೆ ನನಗೆ ಹುಚ್ಚು" ಎಂದುಬಿಟ್ಟಳು. ಹಕಾರಗಳೆರಡೂ ಅಚ್ಚುಕಟ್ಟಾಗಿ ಬಿದ್ದಿದ್ದವು. ನಾನು ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದೆ. ಜನ ಬೈದರು. ನಾಟಕದವಳು, ದುಡ್ಡು ಬಂದ ಮೇಲೆ ಹೈ ಸೊಸೈಟಿ ಆಗಿದ್ದಾಳೆ, ಇವಳದೆಲ್ಲ ಫೇಕು. ಕಿರಣ್ ನಮ್ಮ ಮನೆಗೇ ಬಂದ. ಸೋಫಾದ ತುದಿಯಲ್ಲಿ ಕೂತು, ಕಾಫಿ ಕುಡಿದು, ಬಹಳ ಮರ್ಯಾದೆಯಿಂದ ಹೇಳಿದ:

"ಆಂಟಿ, ನೀವು ಅವಳಿಗೆ ಕ್ಲಾಸ್ ತಗೋತೀರಂತಲ್ಲ, ದಯವಿಟ್ಟು ನಿಲ್ಲಿಸ್ಬಿಡಿ. ಹ ಬಂದ್ರೆ ಏಮ ಇಲ್ಲ. ಆಮೇಲೆ ಆ ವಾಯ್ಸಲ್ಲಿ ಒಂದು ಬಿರುಕು ಬರುತ್ತಲ್ಲ, 'ಇಂಗೇ' ಅಂತ ಎತ್ತುವಾಗ? ಜನ ಅದಕ್ಕೇ ಸಾಯ್ತಾರೆ ಆಂಟಿ. ಅದೇ ಯುಎಸ್‌ಪಿ, ಮಾರಾಟ ಆಗೋದೇ ಅದು."

"ಆ ಬಿರುಕು ಮೊದಲು ಇರಲಿಲ್ಲಪ್ಪ" ಎಂದೆ. "ದಿನಾ ಸ್ಟೇಜ್ ಮೇಲೆ ಕೂಗಿ ಕೂಗಿ ಬಂದಿದೆ. ಡಾಕ್ಟರಿಗೆ ತೋರಿಸಿ."

"ಸೂಪರ್ ಆಗಿದೆ ಆಂಟಿ, ಮುಟ್ಟೋದೇ ಬೇಡ" ಎಂದ.

ಮೇ ತಿಂಗಳು ಕಳೆಯುವುದರೊಳಗೆ ಹೇಮ ಫೋನಿನಲ್ಲಿ ಮಾತಾಡಿದರೆ ಗಂಡಸೆಂದು ತಿಳಿಯುವಂತಾಗಿತ್ತು. ಜಯಮ್ಮ ಮೆಣಸಿನ ಕಷಾಯ, ಜ್ಯೇಷ್ಠಮಧು, ಎಲ್ಲ ಮಾಡಿ ಸೋತು, ಕೊನೆಗೆ, "ನಂಗೆ ಅವ್ರ ಇಂಗ್ಲೀಸು ತಿಳಿಯಾಕಿಲ್ಲ, ನೀವೂ ಬನ್ರಮ್ಮ" ಎಂದು ನನ್ನನ್ನು ಹೆಬ್ಬಾಳದ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆ ನಮ್ಮ ಕಡೆ ತಿರುಗಿಸಿದರು. ಧ್ವನಿಯ ತಂತುಗಳು ಎರಡು, ಬೆಳ್ಳಗೆ. ಎದುರುಬದುರಿಗೆ ಅಕ್ಕಿನುಚ್ಚಿನಂಥ ಎರಡು ಗಂಟು. ಒಂದು ಕಡೆ ಕೆಂಪು ನರ ಉಬ್ಬಿತ್ತು. ಊರು ಹುಚ್ಚೆದ್ದು ಪ್ರೀತಿಸಿದ ಬಿರುಕು ಅದೇ. ಗಾಯ. ಜನ ಒಂದು ಗಾಯಕ್ಕೆ ಒನ್ಸ್ ಮೋರ್ ಹೇಳುತ್ತಿದ್ದರು.

"ಪೂರ್ತಿ ಮೌನ" ಎಂದರು ಡಾಕ್ಟರಮ್ಮ. "ಮಾತಿಲ್ಲ, ಗುನುಗೋದಿಲ್ಲ. ಮುಖ್ಯವಾಗಿ ಪಿಸುಮಾತು ಬೇಡ. ಪಿಸುಗುಟ್ಟಿದ್ರೆ ಗಂಟಲಿಗೆ ಇನ್ನೂ ಒತ್ತಡ. ದೀಪಾವಳಿವರೆಗೆ ಹಾಡು ಅನ್ನೋದನ್ನ ಮರೀಬೇಕು. ಹೇಳಿದ ಹಾಗೆ ಕೇಳಿದ್ರೆ ಆಪರೇಷನ್ ಇಲ್ಲದೇ ವಾಪಸ್ ಬರುತ್ತೆ. ನಡುವೆ ಆ ನರ ಒಡೆದ್ರೆ ನಾನು ಯಾವ ಗ್ಯಾರಂಟಿನೂ ಕೊಡಲ್ಲ."

ಆಮೇಲೆ ಇನ್ನೊಂದು ಮಾತು ಹೇಳಿದರು. ಸ್ವರದಿಂದಲೇ ಶುರುವಾಗುವ ಪದವನ್ನು ಮೇಲಿನ ಶ್ರುತಿಯಲ್ಲಿ ಒಮ್ಮೆಲೇ ಎತ್ತಿದರೆ ತಂತುಗಳು ಒಂದಕ್ಕೊಂದು ಟಪ್ಪೆಂದು ಬಡಿಯುತ್ತವಂತೆ. ಮನೆಯಲ್ಲಿ ಮಾತಾಡುವಾಗ ಏನೂ ಆಗುವುದಿಲ್ಲ, ಮೈಕಿನ ಮುಂದೆ ದಿನವೂ ಕಿರುಚಿದರೆ ಆಗುತ್ತದೆ. "ಮೌನ ಮುಗಿದ ಮೇಲೆ 'ಹ' ಇಂದ ಶುರು ಮಾಡಿಸ್ತೀನಿ" ಎಂದರು. "ಹಾ, ಹೇ, ಹೂ. ಮೊದಲು ಗಾಳಿ ಬರುತ್ತೆ, ಹಿಂದೆ ಧ್ವನಿ ಮೆತ್ತಗೆ ಬರುತ್ತೆ. ಹಕಾರವೇ ಔಷಧ ಅಂದ್ಕೊಳ್ಳಿ."

ಹೇಮ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ನಗುವಿತ್ತು. ನನಗೋ ಕಿರಣ್ ಕುಡಿದು ಹೋದ ಕಾಫಿ ನೆನಪಾಯಿತು.

ಹೀಗೆ ಆ ಮಳೆಗಾಲ ಶುರುವಾಯಿತು. ಅವರ ಮನೆಗೆ ಸೆಲ್ಫಿಯವರ ಕಾಟವಾದ್ದರಿಂದ ಹೇಮ ಮಧ್ಯಾಹ್ನವೆಲ್ಲ ನಮ್ಮ ಹಿತ್ತಿಲ ಕಡೆಯ ಮೆಟ್ಟಿಲ ಮೇಲೆ. ಆಷಾಢದ ಗಾಳಿಗೆ ನುಗ್ಗೆ ಎಲೆ ಒಗೆಯುವ ಕಲ್ಲಿನ ಮೇಲೆಲ್ಲ ಉದುರುತ್ತಿತ್ತು. ಅವಳು ಕಾಯಿ ಸೋಸುತ್ತಿದ್ದಳು, ಹೂವು ಕಟ್ಟುತ್ತಿದ್ದಳು. ಅಂಗೈ ಮಗುಚಿದರೆ ಬೇಡ, ಲೋಟ ಒಂದು ಸಲ ಕುಟ್ಟಿದರೆ ಹೌದು. ನಾನು ಮಾತಾಡುತ್ತಲೇ ಇರುತ್ತಿದ್ದೆ. ಕೆಲವೊಮ್ಮೆ ಹಾಡು ಅವಳೊಳಗೆ ಏಳುವುದು ಕಾಣುತ್ತಿತ್ತು. ಎದೆ ತುಂಬಿಕೊಳ್ಳುವುದು, ಗಂಟಲು ಒಮ್ಮೆ ಏರಿ ಇಳಿಯುವುದು, ಕೂಡಲೇ ತುಟಿ ಕಚ್ಚಿ ಬಾಯಿಗೊಂದು ಮೆಂಥಾಲ್ ಗುಳಿಗೆ ಹಾಕಿಕೊಳ್ಳುವುದು. ಹೊಸ ಗಾದಿಗೆ ಹೊಲಿಗೆ ಹಾಕಿದ ಹಾಗೆ ಬಾಯಿ ಬಿಗಿದಿದ್ದ ಆ ಹುಡುಗಿಗೆ ಆಗ ಇಪ್ಪತ್ತೊಂದು ವರ್ಷ.

ಬೀದಿಯವರ ಕರುಣೆಯ ಬಗ್ಗೆ ಹೇಳಲೇಬೇಕು. ನಮ್ಮ ಜನ ಕೆಟ್ಟವರಲ್ಲ. ಜೇನುತುಪ್ಪ ತಂದುಕೊಟ್ಟರು, ಶುಂಠಿ ತಂದುಕೊಟ್ಟರು, ಹರಕೆ ಹೊತ್ತರು. ಬಂದವರೆಲ್ಲ ಅವಳ ಪಕ್ಕ ಕೂತು, ಕಿವಿಯನ್ನು ಅವಳ ಬಾಯಿಗೆ ತಂದು, "ಜೋರಾಗಿ ಬೇಡ ಪುಟ್ಟ, ಗುಟ್ಟಾಗಿ ಹೇಳು, ಈಗ ಹೇಗಿದೆ?" ಎನ್ನುತ್ತಿದ್ದರು. ಅವಳು ಅಂಗೈ ಮಗುಚಿದರೆ, "ಅಯ್ಯೋ ಪಿಸಪಿಸ ಅನ್ನೋಕೇನು, ಗಂಟಲೇ ಬೇಡ ಅದಕ್ಕೆ" ಎನ್ನುತ್ತಿದ್ದರು. ಡಾಕ್ಟರು ಒತ್ತಿ ಹೇಳಿದ್ದೇ ಅದನ್ನು ಎಂದು ನಾನು ಪ್ರತಿಯೊಬ್ಬರಿಗೂ ಹೇಳಿದೆ. ಯಾರೂ ನಂಬಲಿಲ್ಲ. ನಮ್ಮಲ್ಲಿ ಪಿಸುಮಾತೆಂದರೆ ಮೆತ್ತಗಿನ ಮಾತು, ಕಾಯಿಲೆಯವರ ಹತ್ತಿರ ಆಡುವ ಮಾತು. ದೊಡ್ಡವರು ಇಷ್ಟು ಪ್ರೀತಿಯಿಂದ ಕೇಳುವಾಗ ಉತ್ತರ ಕೊಡದಿದ್ದರೆ ಜಂಭವಲ್ಲವೇ? "ಏನೋಪ್ಪ, ಸ್ಟಾರ್ ಆದ್ಮೇಲೆ ನಮ್ಮ ಹತ್ರ ಮಾತು ಬೇಡ್ವೇನೋ" ಎಂದು ಸರೋಜಾ ಒಂದು ದಿನ ಅಂದೇಬಿಟ್ಟರು, ನಗುತ್ತಲೇ. ಹೇಮಳ ಕಣ್ಣು ತುಂಬಿತು. ಅವಳು ಲೋಟ ಎತ್ತಿ, ಕುಟ್ಟದೆ, ಹಾಗೇ ಕೆಳಗಿಟ್ಟಳು.

ಆದರೂ ವಾಸಿಯಾಗುತ್ತಿತ್ತು. ಶ್ರಾವಣದ ಕೊನೆಗೆ ಮತ್ತೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರಮ್ಮ ಹುಬ್ಬೇರಿಸಿದರು. ಗಂಟು ಕರಗುತ್ತಿತ್ತು. ಅವತ್ತೇ ಮೊದಲ ಸಲ ಒಂದು ಶಬ್ದಕ್ಕೆ ಅಪ್ಪಣೆ ಕೊಟ್ಟರು, ದಿನಕ್ಕೆ ಕೆಲವೇ ಸಲ, ನಿಟ್ಟುಸಿರಿನ ಹಾಗೆ: ಹಾ. ಹೇಮ ಕಣ್ಣು ಮುಚ್ಚಿ, ಗಾಳಿ ಬಿಟ್ಟು, ಅದರ ಹಿಂದೆ ಸಣ್ಣಗೆ ಒಂದು ಸ್ವರ ತಂದಳು. ಬಿರುಕಿರಲಿಲ್ಲ. ತೊಳೆದ ಸ್ಟೀಲು ಬಟ್ಟಲಿನಂಥ ಸ್ವರ. ಜಯಮ್ಮ ಆಸ್ಪತ್ರೆಯ ನೆಲದ ಮೇಲೆ ಹಾಗೇ ಕೂತುಬಿಟ್ಟರು. "ನಂಗೆ ಅವ್ಳ ಸಣ್ಣ ವಯಸ್ನ ದನಿ ಕೇಳ್ದಂಗಾಯ್ತು ಕಣಮ್ಮ" ಎಂದರು. ಕಂಪನಿಯವರು ಕೂಡ, ಅವಳ ಗಂಟಲಿನ ವಿಷಯ ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಹೆದರಿ, ಹಬ್ಬದ ಸೀಸನ್ನಿನ ಆರ್ಕೆಸ್ಟ್ರಾಗಳನ್ನೆಲ್ಲ ಮುಂದಕ್ಕೆ ಹಾಕಿದ್ದರು. ನನ್ನ ಸಿಟ್ಟು ಅರ್ಥವಾಗಬೇಕಾದರೆ ಇದನ್ನು ನೆನಪಿಡಬೇಕು. ಆ ಕಂಪನಿಯೇ ಸುಮ್ಮನಾಗಿತ್ತು. ಸುಮ್ಮನಾಗದವರು ನಾವು.

ಬೆಂಗಳೂರಿನಲ್ಲಿ ಗಣೇಶ ಕೂತನೆಂದರೆ ರಾಜ್ಯೋತ್ಸವದವರೆಗೂ ಬೀದಿಗೊಂದು ಆರ್ಕೆಸ್ಟ್ರಾ. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ನಮ್ಮ ಬೀದಿಯ ತಿರುವಿನಲ್ಲಿ ಬ್ಯಾನರು ಎದ್ದಿತು. ಹೇಮಳ ಮುಖ ಗಣೇಶನಿಗಿಂತ ದೊಡ್ಡದು. "ನಮ್ಮ ಬೀದಿಯ ಹೆಮ್ಮೆ ಏಮ ಅವರಿಂದ ಗಾಯನ." ಅವಳನ್ನು ಯಾರೂ ಕೇಳಿರಲಿಲ್ಲ. ನಮ್ಮ ಬಡಾವಣೆ ಸಂಘದ ಅಧ್ಯಕ್ಷರು ನಾಗರಾಜ್, ರಿಟೈರಾದ ಇಂಜಿನಿಯರು, ಬೆಳಗಿನ ವಾಕಿಂಗಿನಲ್ಲಿ ಎಲ್ಲರಿಗೂ ಕೈಮುಗಿಯುವ ಸಭ್ಯರು. ಪಾರ್ಕಿನ ಶೆಡ್ಡಿನಲ್ಲಿ ನಡೆದ ಮೀಟಿಂಗಿಗೆ ನಾನು ಹೋದೆ. ಹೆಂಗಸರು ಅಲ್ಲಿಗೆ ಹೋಗುವುದು ಪ್ರಸಾದದ ವಿಷಯವಿದ್ದಾಗ ಮಾತ್ರ.

"ಆ ಹುಡುಗಿ ಹಾಡೋ ಹಾಗಿಲ್ಲ. ಡಾಕ್ಟರು ಹೇಳಿದ್ದನ್ನ ನಾನೇ ಕಿವಿಯಾರೆ ಕೇಳಿದ್ದೀನಿ. ಬ್ಯಾನರ್ ತೆಗೆಸಿ" ಎಂದೆ.

"ಫುಲ್ ಪ್ರೋಗ್ರಾಂ ಅಲ್ಲ ಮೇಡಂ" ಎಂದರು ನಾಗರಾಜ್. "ಮಂಗಳಾರತಿ ಆದ್ಮೇಲೆ ಒಂದೇ ಒಂದು ಸಾಂಗ್. ಡಾಕ್ಟರು ಯಾವಾಗ್ಲೂ ಜಾಸ್ತಿ ಹೇಳ್ತಾರೆ. ನಂಗೆ ಮೆಟ್ಟಿಲು ಹತ್ಬೇಡಿ ಅಂದಿದ್ರು, ಹತ್ತುತಿಲ್ವಾ?"

"ದೇವರ ಕೆಲಸಕ್ಕೆ ಹಾಡಿದ್ರೆ ಗಂಟಲು ಹೋಗುತ್ತಾ, ಬರುತ್ತೆ" ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು.

"ನಿಮ್ಮ ಮಗಳಾಗಿದ್ರೆ?" ಎಂದೆ.

ನಾಗರಾಜ್ ಕೈಮುಗಿದರು. "ಮೇಡಂ, ನೀವು ಓದಿದೋರು, ಎಮೋಷನಲ್ ಆಗ್ಬೇಡಿ. ಅವ್ರಮ್ಮ ಆಗ್ಲೇ ಒಪ್ಪಿದಾರೆ."

ಜಯಮ್ಮ ಒಪ್ಪಿದ್ದು ನಿಜ. ಅವರ ಮನೆಯ ಜಗುಲಿಯಲ್ಲಿ ನಾನು ಕೂಗಾಡಿದೆ, ಅಷ್ಟು ಜೋರಾಗಿ ನಾನು ಯಾರ ಮೇಲೂ ಕೂಗಿಲ್ಲ. ಆಕೆ ಸೆರಗಿನ ತುದಿ ಸುತ್ತುತ್ತ ಹೇಳಿದರು: "ಏನ್ ಮಾಡಾದು ತಾಯಿ. ನಾವ್ ಇಲ್ಲಿಗ್ ಬಂದು ಒಂದ್ ವರ್ಸ ಆಯ್ತು, ಒಬ್ರೂ ಅರಿಸಿನ ಕುಂಕುಮಕ್ಕೆ ಕರೀನಿಲ್ಲ. ಈಗ ಮನೆಮುಂದಕ್ ಬಂದು ನಮ್ ಉಡ್ಗಿ ಅಂತಾವ್ರೆ. ಬೀದಿನೆಲ್ಲ ಎದ್ರಾಕ್ಕೊಂಡು ಎಂಗಮ್ಮ ಬಾಳಾದು? ಬರೀ ಸ್ಟೇಜ್ ಮೇಲ್ ನಿಂತು ಕೈಮುಗುದ್ ಬತ್ತಾಳೆ, ಆಡಲ್ಲ ಅಂದವ್ಳೆ." ಒಳಗಿನಿಂದ ಹೇಮ ಬಂದು ನನ್ನ ಕೈ ಹಿಡಿದು ಅಂಗೈ ಮಗುಚಿ ತೋರಿಸಿದಳು. ಹಾಡಲ್ಲ. ನಂಬಿ.

ಸಿನಿಮಾದ ಅಮ್ಮನಿಗೆ ದುರಾಸೆಯಿತ್ತು. ಜಯಮ್ಮನಿಗಿದ್ದದ್ದು ಒಂದು ಅರಿಸಿನ ಕುಂಕುಮದ ಆಸೆ.

ಕಾರ್ಯಕ್ರಮದ ದಿನ ಸಂಜೆ ಮಳೆ ಹಿಡಿದು ಬಿಟ್ಟಿತ್ತು. ಪೆಂಡಾಲಿನ ಶಾಮಿಯಾನ ನೀರು ತುಂಬಿ ಜೋತುಬಿದ್ದು, ಯಾರೋ ಕೋಲಿನಿಂದ ಚುಚ್ಚಿ ನೀರಿಳಿಸುತ್ತಿದ್ದರು. ಜನ ಕೊಡಿಗೇಹಳ್ಳಿಯಿಂದಲೂ ಬಂದಿದ್ದರು. ಮಂಗಳಾರತಿಯಾಯಿತು. ಹಸಿರು ರೇಷ್ಮೆ ಸೀರೆಯ ಹೇಮ ಸ್ಟೇಜಿನ ನಡುವೆ ನಿಂತು ಕೈಮುಗಿದಳು, ಎದೆಯ ಮೇಲೆ ಕೈಯಿಟ್ಟು, ಗಂಟಲು ಮುಟ್ಟಿ, ತಲೆಯಾಡಿಸಿದಳು. ಇನ್ನೇನು ಇಳಿಯಬೇಕು, ನಿರೂಪಕ ಮೈಕು ಹಿಡಿದು ದಾರಿಗೆ ಅಡ್ಡ ನಿಂತ.

"ಏನ್ ಗುರು, ಬಿಟ್‌ಬಿಡೋಣ್ವಾ ಏಮನ್ನ?"

"ಇಲ್ಲಾ!"

"ಗಂಟಲು ಸರಿ ಇಲ್ವಂತೆ. ನಂಬ್ತೀರಾ?"

"ಇಲ್ಲಾ!" ಆಮೇಲೆ ಶುರುವಾಯಿತು: ಏಮಾ, ಏಮಾ, ಏಮಾ. ಚಪ್ಪಾಳೆಯ ತಾಳಕ್ಕೆ. ನಾನು ಮುಂದಿನ ಸಾಲಿನಿಂದ ಎದ್ದು, "ಬೇಡ, ಬೇಡ" ಎಂದು ಕೈ ಬೀಸಿದೆ. ಕುಣಿಯಲು ಎದ್ದೆನೆಂದು ತಿಳಿದು ಹಿಂದಿನವರು ಸೀಟಿ ಹೊಡೆದರು. ಸ್ಟೇಜಿನ ಪಕ್ಕದಲ್ಲಿ ನಾಗರಾಜ್ ಬೆರಳೆತ್ತಿ 'ಒಂದೇ ಒಂದು' ಎಂದು ಸನ್ನೆ ಮಾಡುತ್ತಿದ್ದರು, ಸಭ್ಯವಾಗಿ. ಯಾರೋ "ಬರೀ ಸ್ಕೋಪು, ಜಂಭ!" ಎಂದು ಕೂಗಿದರು. ಹೇಮ ಕೆಳಗೆ ಕೂತ ಅಮ್ಮನನ್ನು ನೋಡಿದಳು. ಜಯಮ್ಮನ ಎರಡೂ ಪಕ್ಕದಲ್ಲಿ ನಮ್ಮ ಬೀದಿಯ ಹೆಂಗಸರು ಮೊದಲ ಬಾರಿಗೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು.

ಅವಳು ಮೈಕು ತೆಗೆದುಕೊಂಡಳು. ಮೆಲ್ಲಗೆ, ಕೆಳಗಿನ ಶ್ರುತಿಯಲ್ಲಿ, ಡಾಕ್ಟರು ಕಲಿಸಿದ ಹಾಗೆ ಗಾಳಿಯನ್ನು ಮುಂದೆ ಬಿಟ್ಟು, "ಹಿಂಗೇ ಇರ್ಲಿ ಬುಡು" ಎಂದು ಹಿಡಿದಳು. ಹಕಾರದಿಂದ. ತನ್ನ ಗಂಟಲನ್ನು ಉಳಿಸಿಕೊಳ್ಳಲು ಅವಳಿಗೆ ಗೊತ್ತಿದ್ದ ಉಪಾಯ ಅದೊಂದೇ. ನಾನು ಕೂತೆ. ಎರಡು ಸಾಲು ಹೋಯಿತು. ಆಗ ಹಿಂದಿನಿಂದ ಕೂಗು ಬಂತು: "ಹಿಂಗೇ ಅಲ್ಲ, ಇಂಗೇ! ಒರಿಜಿನಲ್ ಹಾಡಮ್ಮಾ!" ಎಲ್ಲರೂ ಹಿಡಿದುಕೊಂಡರು. ಇಂಗೇ! ಇಂಗೇ! ಕೀಬೋರ್ಡಿನವನು ಶ್ರುತಿ ಏರಿಸಿದ.

ಅವಳು ಕಣ್ಣು ಮುಚ್ಚಿ ಮೇಲಿನ 'ಇಂಗೇ' ಎತ್ತಿದಳು. ಅರ್ಧದಲ್ಲಿ ಧ್ವನಿ ಹರಿಯಿತು. ಹಳೆಯ ಬಟ್ಟೆ ಹರಿದ ಸದ್ದು, ಆಮೇಲೆ ಬರೀ ಗಾಳಿ.

ಪೆಂಡಾಲು ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಅವರು ಕಾದಿದ್ದ ಬಿರುಕು ಅದೇ ಎಂದುಕೊಂಡರು. "ಒನ್ಸ್ ಮೋರ್!" ಎಂದರು. ಹೇಮ ಚರಣದ ಕೊನೆಯವರೆಗೆ ತುಟಿಯನ್ನಷ್ಟೇ ಆಡಿಸಿ, ಮೈಕನ್ನು ನಿರೂಪಕನ ಕೈಗೆ ಜೋಪಾನವಾಗಿ ಕೊಟ್ಟು, ಮೆಟ್ಟಿಲಿಳಿದಳು. ನನ್ನ ಮುಂದೆ ಹಾದುಹೋಗುವಾಗ ಅವಳ ಕೈ ಅವಳ ಗಂಟಲ ಮೇಲಿತ್ತು. ಎಳೆಗೂಸಿನ ನೆತ್ತಿ ಮುಚ್ಚುವ ಹಾಗೆ.

ನರ ಒಡೆದಿತ್ತು. ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಲಿಲ್ಲ. ಆಪರೇಷನ್ನಾಯಿತು, ಮಾತು ಬಂತು. ಹಾಡು ಬರಲಿಲ್ಲ. ಕಂಪನಿ ಕೈಬಿಟ್ಟಿತು. ಚರಣವೊಂದನ್ನೇ ಹಾಡಿ ಇಳಿದದ್ದಕ್ಕೆ ಸೊಕ್ಕಿನವಳೆಂದು ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಚರ್ಚೆಯಾಯಿತು; ನಿಜ ಗೊತ್ತಾದ ಮೇಲೆ ಅಲ್ಲಿ ಕೈಮುಗಿದ ಚಿತ್ರಗಳು ಬಂದವು, ಅಳುವ ಚಿತ್ರಗಳು ಬಂದವು, ಅದರ ಕೆಳಗೇ ನೀರಿನ ಟ್ಯಾಂಕರಿನ ಮಾತು. ಯಾರೊಬ್ಬರೂ ಅವರ ಮನೆಯ ಗೇಟು ತೆರೆದು ಒಳಗೆ ಹೋಗಲಿಲ್ಲ. ಸಂಕ್ರಾಂತಿಗೆ ಮೊದಲು ಮನೆ ಬಾಡಿಗೆಗೆ ಕೊಟ್ಟು ಅವರು ಅಬ್ಬಿಗೆರೆಗೆ ವಾಪಸ್ಸು ಹೋದರು. ಹೋಗುವಾಗ ಜಯಮ್ಮ ನನಗೊಬ್ಬಳಿಗೇ ಅರಿಸಿನ ಕುಂಕುಮ ಕೊಟ್ಟರು.

ಸಿನಿಮಾದಿಂದ ಬಂದು, ಪಾತ್ರೆ ತೊಳೆದು, ಕೈ ಒರೆಸಿಕೊಂಡು ಹೇಮಳಿಗೆ ಫೋನ್ ಮಾಡಿದೆ. ಹೆಸರಘಟ್ಟದಲ್ಲಿ ತೋಟಗಾರಿಕೆಯ ಕೋರ್ಸು ಮುಗಿಸಿ, ಉಳಿದಿರುವ ಚೂರು ಜಮೀನಿನಲ್ಲಿ ಈಗ ಗಿಡಗಳ ನರ್ಸರಿ ಇಟ್ಟಿದ್ದಾಳೆ. ಹಿಂದೆ ಪೈಪಿನ ನೀರಿನ ಸದ್ದು ಕೇಳುತ್ತಿತ್ತು.

"ಆಂಟಿ, ಆ ಸಿಂಗರ್ ಪಿಕ್ಚರ್‌ಗೆ ಹೋಗಿದ್ರಂತೆ? ಸ್ಟೇಟಸ್ ನೋಡ್ದೆ, ಸರೋಜಾ ಆಂಟಿ ಹಾಕಿದ್ರು."

"ಹೋಗಿದ್ದೆ. ನೀನು ನೋಡ್ಬೇಡ."

"ಕೊನೇಲಿ ಅವಳಿಗೆ ವಾಯ್ಸ್ ವಾಪಸ್ ಬರುತ್ತಾ?"

"ಬರುತ್ತೆ. ಸ್ಟೇಡಿಯಂ ತುಂಬ ಹಾಡ್ತಾಳೆ."

ಅವಳು ನಕ್ಕಳು. ಆ ನಗುವಿಗೆ ಈಗ ಸ್ವರವಿಲ್ಲ. "ಹಂಗಾದ್ರೆ ಅದು ಬೇರೆ ಯಾರ್ದೋ ಕಥೆ ಬಿಡಿ ಆಂಟಿ" ಎಂದಳು. ಮಾತಿನುದ್ದಕ್ಕೂ ಪ್ರತಿ ಹಕಾರವೂ ಸ್ಪಷ್ಟವಾಗಿತ್ತು. ಆಗಲೇಬೇಕಲ್ಲ, ಅವಳ ಗಂಟಲಿನಲ್ಲಿ ನಾವು ಉಳಿಸಿರುವುದೇ ಗಾಳಿ.

ಸಂಜೆ ತುಳಸಿಗೆ ದೀಪವಿಟ್ಟು ಏಳುವಾಗ ಸರೋಜಾ ಒಣಗಿದ ಬಟ್ಟೆ ಮಡಚುತ್ತ ಕಾಂಪೌಂಡಿನ ಬಳಿ ಬಂದರು. ಅತ್ತ ಕಣ್ಣು ಇನ್ನೂ ಊದಿಕೊಂಡಿತ್ತು.

"ತಲೆ ನೋವು ಬಂತು ಕಣ್ರೀ ಅತ್ತೂ ಅತ್ತೂ. ಎಷ್ಟು ಕ್ರೂರ ಅಲ್ವಾ ಜನ?" ಎಂದರು. ಟವೆಲ್ಲನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ ತೋಳಿಗೆ ಹಾಕಿಕೊಂಡರು. "ನಮ್ಮ ಏಮನ ಪ್ರೋಗ್ರಾಂ ನೆನಪಾಯ್ತು. ಒಂದೇ ಚರಣ ಹಾಡಿ ಇಳಿದ್ಬಿಟ್ಲು ನೋಡಿ ಅವತ್ತು, ನಾನು ವಿಡಿಯೋ ಆನ್ ಮಾಡೋ ಅಷ್ಟರಲ್ಲಿ ಮುಗಿದೇ ಹೋಗಿತ್ತು."